ವಿಮಾನಕ್ಕೊಂದಿಷ್ಟು ಕೊಸರು

ಆಡಿದ ಮಾತು ಉಳಿಸಿಕೊಳ್ಳಲು ಹರಿಶ್ಚಂದ್ರ ರಾಜ್ಯ ಬಿಟ್ಟ, ಹೆಂಡತಿ ಮಗನನ್ನು ಮಾರಿದ, ಸುಡುಗಾಡು ಕಾದ. ಮೇಲೂರಿನ ಮುನಿಶಾಮಪ್ಪ ವಿಮಾನ ಕೊಂಡ. ಹರಿಶ್ಚಂದ್ರನಿಗೆ ಕಡೆಯಲ್ಲಿ ದೇವರು ಪ್ರತ್ಯಕ್ಷನಾದ. ಮುನಿಶಾಮಪ್ಪನಿಗೆ ಪ್ರತ್ಯಕ್ಷರಾದವರು ಸರ್ಕಾರದ ಇನ್‌ಸ್ಪೆಕ್ಟರು. ಅವರವರ ಪುಣ್ಯ ಅವರವರಿಗೆ.

ಐವತ್ತೊಂಬತ್ತನೆಯ ಇಸವಿ, ಸಂಕ್ರಾಂತಿ ಕಳೆದ ಹೊಸತು. ಹಿಪ್ಪುನೇರಳೆ ಸೊಪ್ಪು ಸಾಗಿಸಲು ಮಿಲಿಟರಿಯವರ ಹಳೇ ಲಾರಿಯೊಂದನ್ನು ಹರಾಜಿನಲ್ಲಿ ಹಿಡಿಯುತ್ತೇನೆಂದು ಮುನಿಶಾಮಪ್ಪ ಬೆಂಗಳೂರಿಗೆ ಹೊರಟ. ಸುಮ್ಮನೆ ಹೊರಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಹೇಳಿದ, ಪಕ್ಕದ ತೋಟದ ಆವಲಪ್ಪನಿಗೆ ಕೂಗಿ ಹೇಳಿದ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಲ್ಲಾಳಿಗಳಿಗೆ ಹೇಳಿದ: "ಬಸ್ಸಲ್ಲಿ ಹೋಗ್ತಾ ಇರೋದು ಇದೇ ಕಡೇ ಸಲ. ಬರೋವಾಗ ಸ್ವಂತ ಗಾಡೀಲೇ ಬರೋದು."

ಹರಾಜಿನಲ್ಲಿ ಲಾರಿಗಳನ್ನೆಲ್ಲ ಬೆಂಗಳೂರಿನ ವ್ಯಾಪಾರಿಗಳು ಗುಡಿಸಿಕೊಂಡು ಹೋದರು. ಕಡೆಗೆ ಉಳಿದದ್ದು ಒಂದು ಹಳೇ ಪುಟ್ಟ ವಿಮಾನ. ಯುದ್ಧದ ಕಾಲದಲ್ಲಿ ಹುಡುಗರಿಗೆ ಹಾರುವುದು ಕಲಿಸಲು ಇಟ್ಟಿದ್ದು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮೈಯೆಲ್ಲ ಬಟ್ಟೆ, ಒಂದರ ಹಿಂದೊಂದು ಎರಡು ಸೀಟು, ಮೇಲೆ ಚಾವಣಿಯೂ ಇಲ್ಲ. ಅದನ್ನು ಕೇಳುವವರೇ ಇರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದರೆ ಆವಲಪ್ಪನ ಮುಖ ನೋಡುವುದು ಹೇಗೆ ಎಂದು ಮುನಿಶಾಮಪ್ಪ ಯೋಚಿಸಿದ. ಗಾಡಿ ಅಂದಿದ್ದನೇ ಹೊರತು ಎಂಥ ಗಾಡಿ ಅಂತ ಯಾರಿಗೂ ಹೇಳಿರಲಿಲ್ಲ. ಸವಾಲು ಕೂಗಿಯೇ ಬಿಟ್ಟ.

ಓಡಿಸಿಕೊಂಡು ಬರಲು ಚಿಂತಾಮಣಿಯ ಕೋನಪ್ಪ ಸಿಕ್ಕಿದ. ಯುದ್ಧದಲ್ಲಿ ವಿಮಾನ ಹಾರಿಸುವುದನ್ನು ಕಲಿತು, ಯುದ್ಧ ಮುಗಿದ ಮೇಲೆ ಆ ವಿದ್ಯೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅಲೆಯುತ್ತಿದ್ದ ಬಡಕಲು ಮನುಷ್ಯ. ಇಬ್ಬರೂ ಒಣಗಿದ ಮೇಲೂರು ಕೆರೆಯ ಅಂಗಳದಲ್ಲಿ ಇಳಿದಾಗ ಮೇಯುತ್ತಿದ್ದ ದನಗಳು ಹಗ್ಗ ಕಿತ್ತುಕೊಂಡು ಓಡಿದವು. ಊರಿಗೆ ಊರೇ ಬಂದು ಸುತ್ತುಗಟ್ಟಿತು. ಹೆಂಡತಿ ಅಮ್ಮಾಜಮ್ಮ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು.

"ಸೊಪ್ಪು ಹೊರೋಕೆ ಲಾರಿ ತರ್ತೀನಿ ಅಂತ ಹೋಗಿ, ಇದೇನಿದು, ಮುರಿದ ಚಪ್ಪರ ಹೊತ್ಕೊಂಡು ಬಂದಿದ್ದೀರಿ?"

"ವಿಮಾನ ಕಣೇ."

"ಎಷ್ಟು ಹೊರೆ ಸೊಪ್ಪು ಹಿಡೀತದೆ?"

ಕೋನಪ್ಪ ಪ್ರಾಮಾಣಿಕ. "ಹೊರೆ ಗಿರೆ ಹೊರಲ್ಲಮ್ಮ ಇದು. ನಾನು, ನನ್ನ ಜೊತೆ ಇನ್ನೊಬ್ಬರು, ಅಷ್ಟೇ."

"ಬಿಡಿ, ಕೆಲಸಕ್ಕೆ ಬಾರದ್ದು ಮನೇಲಿ ಆಗಲೇ ಒಂದಿತ್ತು. ಇವತ್ತಿಗೆ ಎರಡಾಯ್ತು," ಎಂದು ಅಮ್ಮಾಜಮ್ಮ ಅಡಿಗೆಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಆ ವಿಮಾನದ ಮೇಲೆ ಕೋಳಿಗಳು ಕೂತು, ಅದರ ಬಟ್ಟೆ ಬುಟ್ಟಿ ಮುಚ್ಚಲು ಹೋಗಿ, ಊರು ಮರೆಯುತ್ತಿತ್ತು. ಆದರೆ ಆ ತಿಂಗಳಲ್ಲೇ ಗೌರಿಬಿದನೂರಿನ ವೆಂಕಟರಾಯಪ್ಪ ತನ್ನ ಎರಡನೆಯ ಮಗ ಕದಿರಪ್ಪನಿಗೆ ಮುನಿಶಾಮಪ್ಪನ ಮಗಳು ರಾಮಲಕ್ಷ್ಮಮ್ಮನನ್ನು ಕೇಳಿಕೊಂಡು ಬಂದ. ಮಾತುಕತೆಯೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಯಿತು. ಎಲೆ ಅಡಿಕೆ ಹಾಕಿಕೊಳ್ಳುವಾಗ ವೆಂಕಟರಾಯಪ್ಪ, "ನಮ್ಮ ದೊಡ್ಡೋನ ಮದುವೇಲಿ ಹೆಣ್ಣು ಗಂಡನ್ನ ಮೋಟಾರು ಕಾರಲ್ಲಿ ಮೆರೆಸಿದ್ವಿ ಬೀಗ್ರೇ. ನಿಮ್ಮ ಕಡೆ ಏನು, ಇನ್ನೂ ಎತ್ತಿನ ಗಾಡೀನೇನಾ?" ಎಂದ.

ಬಾಯಲ್ಲಿ ಎಲೆ ಅಡಿಕೆ ಇದ್ದಾಗ ಮಾತಾಡಬಾರದೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಮುನಿಶಾಮಪ್ಪ ಎದ್ದು ನಿಂತು, ಎದುರಿಗಿದ್ದ ಕೆರೆಯಲ್ಲಿನ ವಿಮಾನದತ್ತ ಕೈ ತೋರಿಸಿ, "ಧಾರೆ ಆಗ್ತಿದ್ದಂಗೆ ಇಬ್ರನ್ನೂ ಅದ್ರಲ್ಲಿ ಕೂರಿಸಿ ನಂದಿ ಬೆಟ್ಟದ ಸುತ್ತ ಮೆರವಣಿಗೆ ಮಾಡಿಸ್ತೀನಿ ಬೀಗ್ರೇ. ಮಾಡಿಸ್ಲಿಲ್ಲ ಅಂದ್ರೆ ನನ್ನ ಹೆಸರು ಮುನಿಶಾಮಪ್ಪ ಅಲ್ಲ," ಎಂದ.

ಬೀಗರ ಮುಖ ಒಂದು ಗಳಿಗೆ ಬಿಳಿಚಿತು. ಆದರೆ ಆತನೂ ಗಂಡಿನ ಕಡೆಯವನು, ಸೋಲುವಂತಿಲ್ಲ. "ಮಂಚಿದಿ, ಒಳ್ಳೇದೇ ಆಯ್ತು! ಹತ್ತು ಜನರ ಮುಂದೆ ಆಡಿದ ಮಾತು ಬೀಗ್ರೇ. ತಪ್ಪಿದ್ರೆ ನಮ್ಮ ದಿಬ್ಬಣ ಉಣ್ಣದೆ ಎದ್ದೋಗ್ತದೆ," ಎಂದು ಎದ್ದ.

ಅವತ್ತು ಸಂಜೆ ಕೋನಪ್ಪ ಲೆಕ್ಕ ಬಿಡಿಸಿ ಹೇಳಿದ. ಸೀಟು ಎರಡು. ಒಂದು ಅವನದು. ಉಳಿದದ್ದು ಒಂದು. ಹೆಣ್ಣು ಗಂಡು ಅಂದರೆ ಇಬ್ಬರು.

"ಇನ್ನೊಂದು ಸೀಟು ಹಾಕಿದ್ರಾಯ್ತು."

"ಸೀಟಿನ ಮಾತಲ್ಲ ಅಣ್ಣ, ತೂಕದ ಮಾತು. ಇಷ್ಟೇ ತೂಕ ಅಂತ ಇದಕ್ಕೆ ಸರ್ಕಾರ ಗೊತ್ತು ಮಾಡಿದೆ. ಅದರ ಮೇಲೆ ಹೊರಿಸೋ ಹಾಗಿಲ್ಲ."

ಮುನಿಶಾಮಪ್ಪನಿಗೆ ನಗು ಬಂತು. ಗೂಡಿನ ಮಾರುಕಟ್ಟೆಯಲ್ಲಿ ಬೆಳೆದ ಅವನಿಗೆ ತೂಕ ಎನ್ನುವುದು ಮಾತಿನ ಆರಂಭವೇ ಹೊರತು ಮುಕ್ತಾಯವಲ್ಲ. ತಕ್ಕಡಿ ಏನೇ ಹೇಳಲಿ, ಗೂಡು ಹಸಿಯೆಂದು ಕಳೆಯುವುದಿದೆ, ಚೀಲದ್ದೆಂದು ಕಳೆಯುವುದಿದೆ, ಎಲ್ಲ ಮುಗಿದ ಮೇಲೆ ಮೇಲಿಷ್ಟು ಕೊಸರು ಎಂದು ಎರಡು ಹಿಡಿ ಹಾಕುವುದಿದೆ. ಸರ್ಕಾರ ಒಂದು ತೂಕ ಹೇಳಿದೆ ಅಂದರೆ ಅದು ಮೊದಲ ಮಾತು. ಎರಡನೆಯದು ಇವನು ಆಡಬೇಕು.

"ನಮ್ಮ ಗಾಡಿಗೆ ಅಚ್ಚು ಗಟ್ಟಿ ಮಾಡಿಸಿದ್ರೆ ಇನ್ನೆರಡು ಮೂಟೆ ಹೊರಲ್ವಾ? ಇದನ್ನೂ ಗಟ್ಟಿ ಮಾಡಿಸಣ. ಗಟ್ಟಿ ಮಾಡಿದ ಮೇಲೆ ಸರ್ಕಾರ ಯಾಕೆ ಬೇಡ ಅಂತದೆ?" ಎಂದು ಶಿಡ್ಲಘಟ್ಟಕ್ಕೆ ಹೇಳಿ ಕಳುಹಿಸಿದ.

ಅಲ್ಲಿಂದ ಬಂದವನು ಬಯ್ಯಪ್ಪ. ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವವನು, ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯೊಂದರಲ್ಲಿ ಇದ್ದೆನೆಂದು ದಿನಕ್ಕೆರಡು ಸಲ ಹೇಳುವವನು. ವಿಮಾನವನ್ನು ಮೂರು ಸುತ್ತು ಸುತ್ತಿ, ಗಾಲಿಗೆ ಒದ್ದು ನೋಡಿ, "ನಾನು ಕೈಯಾಡಿಸದೇ ಇರೋ ವಿಮಾನ ಆ ಕಾರ್ಖಾನೇಲಿ ಒಂದೂ ಇರ್ಲಿಲ್ಲ. ಇದು ಯಾವ ಮಹಾ?" ಎಂದ.

ಮೊದಲು ಕಾಲು ಗಟ್ಟಿಯಾಗಬೇಕೆಂದು ಕಮ್ಮಾರನಿಂದ ಕಬ್ಬಿಣದ ಪಟ್ಟಿ ಬಡಿಸಿದ. ಮೂರನೆಯ ಸೀಟಿಗೆ ಜಟಕಾದ ಹಲಗೆ ಕೂರಿಸಿದ. ಹಲಗೆ ತಡೆಯಲು ಹೊನ್ನೆ ಮರದ ತೊಲೆ ಕೊಟ್ಟ. ತೊಲೆಯ ಭಾರಕ್ಕೆ ಬಾಲ ಕುಸಿಯಿತು, ಬಾಲಕ್ಕೊಂದು ಪಟ್ಟಿ. ಬಾಲ ಎದ್ದರೆ ಮೂತಿ ಕುಸಿಯಿತು, ಮೂತಿಗೊಂದು.

"ಬಯ್ಯಪ್ಪಣ್ಣಾ, ನೀವು ಹಾಕೋ ಕಬ್ಬಿಣಾನೂ ವಿಮಾನವೇ ಹೊರಬೇಕಲ್ವಾ?" ಎಂದು ಕೋನಪ್ಪ ಕೇಳಿದ.

"ಹೊರ್ಲಿ ಅಂತ ತಾನೇ ಕಬ್ಬಿಣ ಹಾಕಿರೋದು!"

"ಮೊದ್ಲು ನಾನೂ ಇನ್ನೊಬ್ಬರೂ ಕೂರಬಹುದಿತ್ತು. ಈಗ ಆ ಇನ್ನೊಬ್ಬರ ಜಾಗದಲ್ಲಿ ನಿಮ್ಮ ಕಬ್ಬಿಣ ಕೂತಿದೆ."

"ಹಂಗಾದ್ರೆ ಆ ಕಬ್ಬಿಣ ತಡೆಯೋಕೆ ಇನ್ನೊಂದು ಪಟ್ಟಿ ಹಾಕಣ ಬಿಡು."

ಮುನಿಶಾಮಪ್ಪ ಇಬ್ಬರ ಮುಖವನ್ನೂ ನೋಡಿದ. ಕೋನಪ್ಪ ಹೇಳುವುದು ಸರಿಯೆಂದು ತಲೆಗೆ ಹೊಳೆಯುತ್ತಿತ್ತು, ಬಯ್ಯಪ್ಪ ಹೇಳುವುದು ಕಿವಿಗೆ ಹಿತವಾಗಿತ್ತು. ಲೋಕದಲ್ಲಿ ಮನುಷ್ಯರು ಕಿವಿಯ ಮಾತನ್ನೇ ಕೇಳುವುದು. ಇನ್ನೊಂದು ಪಟ್ಟಿ ಬಿತ್ತು.

ಅಷ್ಟರಲ್ಲಿ ಗೌರಿಬಿದನೂರಿನಿಂದ ಬೀಗಿತ್ತಿ ವೆಂಕಟರತ್ನಮ್ಮ ಹೇಳಿ ಕಳಿಸಿದಳು. ಹೊಸ ಹೆಣ್ಣು ಗಂಡಿನ ಜೊತೆ ಒಬ್ಬಳೇ ಮೆರವಣಿಗೆ ಹೋಗುವುದುಂಟೇ, ಕಳಸ ಹಿಡಿದ ಕಳಸಗಿತ್ತಿ ಪಕ್ಕದಲ್ಲಿ ಬೇಡವೇ ಎಂದು. ಕಳಸಗಿತ್ತಿ ಆಗಬೇಕಾದವಳು ಗಂಡಿನ ಅಕ್ಕ ಚಿಕ್ಕವೆಂಕಟಮ್ಮ. ಅವಳಲ್ಲಿ ಚಿಕ್ಕದು ಎನ್ನುವುದು ಹೆಸರೊಂದೇ. ಅವಳು ಮಾಮೂಲಿ ಹತ್ತುವ ಜಟಕಾದ ಕುದುರೆ ಅವಳು ಇಳಿಯುವ ಮನೆ ಕಂಡೊಡನೆ ತಾನಾಗಿಯೇ ನಿಂತುಬಿಡುತ್ತಿತ್ತು.

"ಹೆಣ್ಣಿನ ಮಡಿಲಕ್ಕಿ ಬೇರೆ ಇರ್ತದೆ. ಅಕ್ಕಿ, ಬೆಲ್ಲ, ಕೊಬ್ಬರಿ," ಎಂದು ಅಮ್ಮಾಜಮ್ಮ ನೆನಪಿಸಿದಳು.

"ಮಡಿಲಕ್ಕಿ ಕೆಳಗೆ ಬಿಟ್ಟು ಹೋಗ್ಲಿ ಕಣೇ!"

"ಮಡಿಲಕ್ಕಿ ಇಳಿಸಿ ಮಗಳನ್ನ ಕಳ್ಸಿದ್ರು ಅಂತ ನಾಳೆ ಬೀಗಿತ್ತಿ ಆಡ್ಕೊಂಡ್ರೆ ಕೇಳೋರು ನೀವೋ ನಾನೋ?"

ಬಯ್ಯಪ್ಪ ಅಂದೇ ಗಾಡಿಯ ಅಚ್ಚೊಂದನ್ನು ತಂದು ವಿಮಾನದ ಹೊಟ್ಟೆಗೆ ಬಿಗಿದ.

ತೂಕ ಏರುತ್ತಿದ್ದುದು ಕಬ್ಬಿಣದಿಂದ ಮಾತ್ರವಲ್ಲ. ಕೋನಪ್ಪ ಮುನಿಶಾಮಪ್ಪನ ಮನೆಯಲ್ಲೇ ಇದ್ದ. ಬಡಕಲು ಜೀವ, ತಾಯಿಯಿಲ್ಲದವನು ಎಂದು ಅಮ್ಮಾಜಮ್ಮ ಮುದ್ದೆಗೆ ತುಪ್ಪ ಬಿಟ್ಟಳು, ಮೊಸರಿಗೆ ಕೆನೆ ಹಾಕಿದಳು, ಹುಳಿಗೆ ಅವರೆಕಾಳು ಹಿಸುಕಿದಳು. ಯುಗಾದಿಯ ಹೊತ್ತಿಗೆ ಅವನು ಓಡಿಸುವ ಸೀಟಿನಲ್ಲಿ ಕೂರಲು ಉಸಿರು ಒಳಗೆಳೆದುಕೊಳ್ಳಬೇಕಾಯಿತು. ಮುನಿಶಾಮಪ್ಪ ಗೂಡಿನ ತಕ್ಕಡಿಯಲ್ಲಿ ಅವನನ್ನು ತೂಗಿ ಹಣೆ ಹಣೆ ಬಡಿದುಕೊಂಡ.

"ನಾಳೆಯಿಂದ ಇವನಿಗೆ ಒಂದೇ ಮುದ್ದೆ ಕಣೇ!"

"ಮನೆಗೆ ಬಂದೋನ ಅನ್ನ ತೂಗೋ ಮನೆ ಅಲ್ಲ ಇದು. ಬೇಕಾದ್ರೆ ನಿಮ್ಮದು ಅರ್ಧ ಮಾಡ್ತೀನಿ."

ಹಾಗೇ ಮಾಡಿದಳು. ಮುನಿಶಾಮಪ್ಪ ಇಳಿದ, ಕೋನಪ್ಪ ಏರಿದ. ಇದರಿಂದ ವಿಮಾನಕ್ಕೆ ಯಾವ ಪ್ರಯೋಜನವೂ ಆಗಲಿಲ್ಲ.

ಮದುವೆಗೆ ಮೊದಲು ಒಮ್ಮೆ ಪರೀಕ್ಷೆ ನಡೆಯಿತು. ಮೂರು ಜನರ ಬದಲಿಗೆ ರಾಗಿ ಮೂಟೆ ಕಟ್ಟಿ ಕೋನಪ್ಪ ಹೊರಟ. ವಿಮಾನ ಅರಚಿತು, ಕೆಮ್ಮಿತು, ಧೂಳೆಬ್ಬಿಸಿತು, ಕೆರೆಯ ಈ ತುದಿಯಿಂದ ಆ ತುದಿಯವರೆಗೆ ಓಡಿತು. ನೆಲ ಮಾತ್ರ ಬಿಡಲಿಲ್ಲ. ಕೆರೆ ಮುಗಿದ ಮೇಲೂ ಓಡಿ ಆವಲಪ್ಪನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ ನಿಂತಿತು.

ಆವಲಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. "ಮುನಿಶಾಮಣ್ಣಾ, ನಿನ್ನ ಎತ್ತು ನುಗ್ಗಿದ್ದಿದ್ರೆ ದೊಡ್ಡಿಗೆ ಹೊಡೀತಿದ್ದೆ. ಇದನ್ನ ಯಾವ ದೊಡ್ಡಿಗೆ ಹೊಡೀಲಿ, ನೀನೇ ಹೇಳು?"

ಮುನಿಶಾಮಪ್ಪ ವಿಮಾನದ ಬಾಲ ಹಿಡಿದು ಹಿಂದಕ್ಕೆ ಎಳೆಯತೊಡಗಿದ. ಆವಲಪ್ಪನೇ ವಿಚಾರಿಸಿ ಸರ್ಕಾರಕ್ಕೆ ದೂರು ಬರೆದ. ಸರ್ಕಾರ ಮಾಮೂಲಿನಂತೆ ನಿಧಾನ ಮಾಡಿ, ಸರಿಯಾಗಿ ಮದುವೆಯ ದಿನಕ್ಕೆ ಇನ್‌ಸ್ಪೆಕ್ಟರನ್ನು ಕಳಿಸಿತು.

ವೈಶಾಖದ ಬಿಸಿಲು. ಧಾರೆ ಮುಗಿದು ಹೆಣ್ಣಿನ ಸೆರಗಿಗೂ ಗಂಡಿನ ಶಲ್ಯಕ್ಕೂ ಗಂಟು ಬಿದ್ದಿತ್ತು. ಬೀಗರ ಕಡೆಯವರು ಊಟದ ಎಲೆಯತ್ತ ನೋಡದೆ ಕೆರೆಯತ್ತ ನೋಡುತ್ತಾ ಕೂತಿದ್ದರು. ಜೀಪಿನಿಂದ ಹ್ಯಾಟು ಹಾಕಿದವರೊಬ್ಬರು ಇಳಿದರು. ಹ್ಯಾಟು ಅಂದಮೇಲೆ ಬೀಗರ ಕಡೆಯ ದೊಡ್ಡ ಮನುಷ್ಯರೇ ಇರಬೇಕೆಂದು ಹುಡುಗಿಯರು ಕಾಲಿಗೆ ನೀರು ಕೊಟ್ಟರು, ಪನ್ನೀರು ಎರಚಿದರು, ಪಾನಕ ಕುಡಿಸಿದರು.

"ತಾವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?" ಎಂದು ಯಾರೋ ಕೇಳಿದರು.

"ನಾನು ವಿಮಾನದ ಕಡೆಯವನು," ಎಂದರು ಇನ್‌ಸ್ಪೆಕ್ಟರು, ಹಣೆಯ ಗಂಧ ಒರೆಸಿಕೊಳ್ಳುತ್ತಾ.

ಕೆರೆಯ ಅಂಗಳಕ್ಕೆ ಹೋಗಿ ವಿಮಾನ ನೋಡಿದವರು ಹ್ಯಾಟು ತೆಗೆದರು. ಬಗ್ಗಿ ಹೊಟ್ಟೆಯ ಕೆಳಗಿನ ಗಾಡಿ ಅಚ್ಚು ಮುಟ್ಟಿದರು. ಜಟಕಾದ ಹಲಗೆ ಮುಟ್ಟಿದರು. ಇದೆಲ್ಲ ಮಾಡಿದವರು ಯಾರೆಂದು ಕೇಳಿದಾಗ ಇಷ್ಟು ದಿನ ಎದೆಯುಬ್ಬಿಸಿ ನಡೆದ ಬಯ್ಯಪ್ಪ ಕಮ್ಮಾರನ ಬೆನ್ನ ಹಿಂದೆ ಸರಿದ. ವಿಮಾನದ ಕಾರ್ಖಾನೆಯಲ್ಲಿ ಇದ್ದವನು ಇವನೇ ಎಂದು ಕಮ್ಮಾರ ಅವನನ್ನು ಮುಂದೆ ತಳ್ಳಿದ.

"ಕಾರ್ಖಾನೆಯಲ್ಲಿ ಏನು ಕೆಲಸ ಮಾಡ್ತಿದ್ದಿರಿ?"

"ಎಲ್ಲಾ ವಿಮಾನಕ್ಕೂ ಕೈಯಾಡಿಸ್ತಿದ್ದೆ ಸ್ವಾಮಿ."

"ಏನು ಹಿಡಿದು ಕೈಯಾಡಿಸ್ತಿದ್ದಿರಿ?"

"ಬಣ್ಣ," ಎಂದ ಬಯ್ಯಪ್ಪ.

ಮುನಿಶಾಮಪ್ಪನಿಗೆ ಅವನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಆದರೆ ಅದಕ್ಕೆ ಹೊತ್ತಿರಲಿಲ್ಲ, ದಿಬ್ಬಣ ನೋಡುತ್ತಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ಇನ್‌ಸ್ಪೆಕ್ಟರ ಬಲಗೈಯ ಮೇಲೆ ಹಾಸಿ, ಅದರ ಕೆಳಗೆ ಕೈ ತೂರಿಸಿ ಅವರ ನಾಲ್ಕು ಬೆರಳು ಹಿಡಿದು ಅಮುಕಿದ. ದನದ ಜಾತ್ರೆಯಲ್ಲಿ, ಮಾರುಕಟ್ಟೆಯಲ್ಲಿ ಮರ್ಯಾದಸ್ಥರು ವ್ಯವಹಾರ ಕುದುರಿಸುವುದೇ ಹಾಗೆ. ನಾಲ್ಕು ಬೆರಳೆಂದರೆ ನಾಲ್ಕು ಜನ.

ಇನ್‌ಸ್ಪೆಕ್ಟರು ಹಾವು ತುಳಿದವರಂತೆ ಹಾರಿದರು. "ಏನ್ರೀ ಇದು! ಹಾಡುಹಗಲಲ್ಲಿ, ಇಷ್ಟು ಜನರ ಮುಂದೆ ಲಂಚ ಕೊಡ್ತೀರಾ?"

"ಅಯ್ಯೋ ರಾಮಾ, ದುಡ್ಡಲ್ಲ ಸ್ವಾಮಿ, ಬರೀ ತೂಕ! ನೀವು ಇಬ್ರು ಅಂದಿದ್ದೀರಿ, ನಾನು ನಾಲ್ವರು ಅಂತೀನಿ. ನನ್ನ ಮಾತೂ ಬೇಡ, ನಿಮ್ಮ ಮಾತೂ ಬೇಡ, ಮೂವರಿಗೆ ಮುಗಿಸಣ. ಮೇಲೆ ಕಳಸ ಒಂದು ಕೊಸರು."

"ಇದೇನು ಗೂಡಿನ ವ್ಯಾಪಾರವೇನ್ರೀ? ಈ ತೂಕ ಹೆಚ್ಚಿಸಬೇಕಾದರೆ ಇದನ್ನು ಮಾಡಿದವರು ಕೂತು ಲೆಕ್ಕ ಹಾಕಬೇಕು, ಒಂದೊಂದು ಭಾಗವನ್ನೂ ಮುರಿಯುವ ತನಕ ಪರೀಕ್ಷೆ ಮಾಡಬೇಕು. ನೀವು ಬಡಿದ ಕಬ್ಬಿಣಕ್ಕೆ ಇದು ಈಗ ಯಾರನ್ನೂ ಹೊರೋ ಹಾಗಿಲ್ಲ. ನೊಣ ಕೂತರೂ ಹೆಚ್ಚು!"

ಕೇಳುತ್ತಿದ್ದ ವೆಂಕಟರಾಯಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ಅಂದ್ರೆ ಮಾತು ತಪ್ಪಿತು ಅನ್ನಿ ಬೀಗ್ರೇ. ಏಳ್ರಪ್ಪಾ, ಹೋಗಣ."

ಮುನಿಶಾಮಪ್ಪನ ಕಣ್ಣಲ್ಲಿ ನೀರೇ ಬಂತು. ಇನ್‌ಸ್ಪೆಕ್ಟರು ಕೆಟ್ಟವರಲ್ಲ, ಬೆಳಗಿನಿಂದ ಪಾನಕ ಬಿಟ್ಟು ಏನೂ ತಿನ್ನದ ಮನುಷ್ಯ, ಅವರಿಗೂ ಈ ಗಲಾಟೆ ಮುಗಿದು ಎಲೆ ಮುಂದೆ ಕೂತರೆ ಸಾಕಾಗಿತ್ತು. ಹಾಕಿದ್ದನ್ನೆಲ್ಲ ಕಿತ್ತರೆ, ಹುಟ್ಟಿದಾಗ ಹೇಗಿತ್ತೋ ಹಾಗಾದರೆ, ಪೈಲಟ್ಟು ಮತ್ತು ಇನ್ನೊಬ್ಬರು ಒಂದು ಸುತ್ತು ಹೋಗಬಹುದು ಎಂದರು. ಕೋನಪ್ಪನ ಕಾಗದಪತ್ರ ಸರಿಯಾಗಿದ್ದವು. ಬೇಡವೆನ್ನಲು ಕಾನೂನಿನಲ್ಲಿ ಏನೂ ಸಿಗದಿದ್ದುದು ಅವರಿಗೂ ಬೇಸರವೇ ಆಯಿತು.

ಮದುವೆಗೆ ಬಂದವರೆಲ್ಲ ಪಂಚೆ ಎತ್ತಿ ಕಟ್ಟಿದರು. ತೊಲೆ, ಪಟ್ಟಿ, ಹಲಗೆ, ಅಚ್ಚು ಒಂದೊಂದೇ ಕಳಚಿ ರಾಶಿ ಬಿದ್ದವು. ಕೆಲಸ ಮುಗಿದಾಗ ವಿಮಾನ ಜ್ವರ ಬಿಟ್ಟ ರೋಗಿಯಂತೆ ಹಗುರಾಗಿ ನಿಂತಿತು. ಇನ್‌ಸ್ಪೆಕ್ಟರು ಗೂಡಿನ ತಕ್ಕಡಿ ತರಿಸಿ ಕೋನಪ್ಪನನ್ನು ತೂಗಿ, ಎರಡು ಸಲ ನೋಡಿ, "ಇವರ ಜೊತೆ ಹೋಗುವವರು ಬಹಳ ಸಣ್ಣಗಿರಬೇಕು," ಎಂದರು. ಅಮ್ಮಾಜಮ್ಮ ಬೇರೆ ಕಡೆ ನೋಡಿದಳು.

ಇಬ್ಬರಲ್ಲಿ ಒಬ್ಬರು ಮೆರೆದರೂ ಮಾತು ಉಳಿದಂತೆ ಎಂದು ಊರಿನ ಹಿರಿಯರು ಹೇಳಿದರು. ಮೊದಲು ಕದಿರಪ್ಪ ತಕ್ಕಡಿಯಲ್ಲಿ ಕೂತ. ಕಡ್ಡಿಯಂಥ ಹುಡುಗ, ಆದರೂ ತಕ್ಕಡಿ ಧಡಕ್ಕನೆ ಕೆಳಗೆ ಹೋಯಿತು. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಹತ್ತಿರ ನಿಂತಿದ್ದ ಮುನಿಶಾಮಪ್ಪನಿಗೆ ಮಾತ್ರ ಅಳಿಯನ ಪಂಚೆಯ ಮಡಿಕೆಯಲ್ಲಿ ತೂಕದ ಕಲ್ಲಿನ ಅಂಚು ಕಂಡಿತು. ತಲೆಯೆತ್ತಿದ. ಅಳಿಯ ಕಣ್ಣಲ್ಲೇ ಕಾಲಿಗೆ ಬಿದ್ದ. ಬೀಗರ ಕಡೆ ನೋಡಿದ; ವೆಂಕಟರಾಯಪ್ಪ ಸೆಕೆ ತಡೆಯದವನಂತೆ ಆಕಾಶ ನೋಡುತ್ತಿದ್ದ. ಕಲ್ಲು ಕೊಟ್ಟವನು ಅವನೇ. ಇಷ್ಟು ತಿಂಗಳು ಅಪ್ಪ ಮಗ ಇಬ್ಬರೂ ಈ ವಿಮಾನ ಏಳದಿರಲೆಂದು ಕದಿರಿ ನರಸಿಂಹನಿಗೆ ಹರಕೆ ಹೊತ್ತು ಕೂತಿದ್ದರು. ಬೇಡ ಅನ್ನುವುದಕ್ಕೆ ಗಂಡಿನ ಕಡೆಯ ಗತ್ತು ಬಿಟ್ಟಿರಲಿಲ್ಲ. ಮುನಿಶಾಮಪ್ಪನಿಗೆ ಬಂದ ಸಿಟ್ಟಿಗೆ ಆ ಕಲ್ಲಿನಿಂದಲೇ ಬೀಗರ ತಲೆ ಒಡೆಯಬೇಕಿತ್ತು. ಆದರೆ ಒಡೆದರೆ ಮಗಳ ಬಾಳೂ ಒಡೆಯುತ್ತಿತ್ತು. ಅಳಿಯನ ಪಂಚೆಯ ಮಡಿಕೆ ಎಳೆದು ಕಲ್ಲು ಮುಚ್ಚಿದ, ಅದನ್ನು ಅಮ್ಮಾಜಮ್ಮ ನೋಡಿಬಿಟ್ಟಳು.

"ಗಂಡು ಭಾರ ಆದ್ರೆ ಏನು ಮಾಡಕ್ಕಾಗ್ತದೆ, ದೈವೇಚ್ಛೆ. ಈಗ ಊಟಕ್ಕೆ..." ಎಂದು ವೆಂಕಟರಾಯಪ್ಪ ಬಹಳ ಉದಾರವಾಗಿ ಶುರುಮಾಡಿದ.

"ನಾನು ಕೂರ್ತೀನಿ," ಎಂದಳು ರಾಮಲಕ್ಷ್ಮಮ್ಮ.

ಇಷ್ಟು ತಿಂಗಳಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವಳು ತಕ್ಕಡಿ ಹತ್ತಿದಳು. ಚೂರು ಹೆಚ್ಚಾಯಿತು. ಇಳಿದು ಮಡಿಲಕ್ಕಿ ತೆಗೆದು ಅತ್ತೆಯ ಮಡಿಲಿಗೆ ಸುರಿದಳು. ಡಾಬು ಬಿಚ್ಚಿ ಅದರ ಮೇಲಿಟ್ಟಳು. ಅಡ್ಡಿಕೆ, ವಂಕಿ, ಕಡಗ, ಹೂವಿನ ದಂಡೆ. ವೆಂಕಟರತ್ನಮ್ಮನಿಗೆ ಮಾತಾಡಬೇಕೆಂದಿತ್ತು, ಆದರೆ ಮಡಿಲಿಗೆ ಬೀಳುತ್ತಿರುವ ಬಂಗಾರ ಹಿಡಿಯುವುದರಲ್ಲಿ ಬಾಯಿ ತೆರೆಯಲಾಗಲಿಲ್ಲ. ತಾಳಿಯೊಂದು ಉಳಿಯಿತು. ಮತ್ತೆ ಹತ್ತಿದಳು. ಇನ್‌ಸ್ಪೆಕ್ಟರು ತಲೆಯಾಡಿಸಿದರು.

"ನಿಲ್ಲಿ!" ಎಂದ ಬೀಗ. "ಗಂಟು ಬಿಚ್ಚಂಗಿಲ್ಲ. ಹೆಣ್ಣೊಬ್ಳೇ ಹೋದ್ರೆ ಮೆರವಣಿಗೆ ಅಲ್ಲ."

ಅಮ್ಮಾಜಮ್ಮ ಮುಂದೆ ಬಂದು ಅಳಿಯನ ಮೈಮೇಲಿದ್ದ ಶಲ್ಯವನ್ನು ಗಂಟಿನ ಸಮೇತ ಎಳೆದು ಮಗಳ ಹೆಗಲಿಗೆ ಹಾಕಿದಳು. "ಗಂಟು ಹಂಗೇ ಅದೆ ನೋಡಿ ಬೀಗ್ರೇ. ಶಲ್ಯ ಹೋದ್ರೆ ಗಂಡು ಹೋದಂಗೆ. ಗಂಡೇ ಬೇಕು ಅಂದ್ರೆ ಕದಿರಪ್ಪನ್ನ ಇನ್ನೊಂದು ಸಲ ತೂಗಿ ನೋಡಣ, ಪಂಚೆ ಕೊಡವಿ."

ವೆಂಕಟರಾಯಪ್ಪನಿಗೆ ತಕ್ಷಣ ಶಾಸ್ತ್ರವೆಲ್ಲ ನೆನಪಿಗೆ ಬಂತು. ಶಲ್ಯ ಸಾಕು ಎಂದ.

ವಿಮಾನ ಓಡಿತು. ಇನ್ನೇನು ಆವಲಪ್ಪನ ತೋಟ ಬಂತು ಎನ್ನುವಾಗ, ಯಾರೋ ಎತ್ತಿಕೊಂಡಂತೆ ನೆಲ ಬಿಟ್ಟಿತು. ಜನ ಹೋ ಎಂದು ಕೂಗಿದರು, ಓಲಗದವರು ಕೇಳದೆಯೇ ಊದಿದರು. ಮುನಿಶಾಮಪ್ಪನ ಮಾತು ಉಳಿಯಿತು. ಆದರೆ ಆ ಬಟ್ಟೆಯ ಡಬ್ಬಿಯಿಂದ ಹಿಂದಕ್ಕೆ ಹಾರುವ ಶಲ್ಯ ಮಾತ್ರ ಕಾಣುವಷ್ಟು ಮಗಳು ಸಣ್ಣಗಾದಾಗ ಅವನಿಗೆ ಮೆರವಣಿಗೆಯೇ ಬೇಡವಾಯಿತು. ಮಾತು ಹಾಳಾಗಿ ಹೋಗಲಿ, ಬೀಗರು ಉಣ್ಣದೆ ಸಾಯಲಿ ಎನ್ನಿಸಿತು. "ಇಳಿಸೋ ಕೋನಪ್ಪಾ! ಸಾಕು, ಇಳಿಸೋ!" ಎಂದು ಅರಚುತ್ತಾ ಕೆರೆಯ ಉದ್ದಕ್ಕೂ ಓಡಿದ. ವಿಮಾನ ನಂದಿ ಬೆಟ್ಟದ ಕಡೆ ತಿರುಗಿ ಕಾಣದಾಯಿತು. ಅವನು ಕಿತ್ತು ಹಾಕಿದ ಕಬ್ಬಿಣದ ರಾಶಿಯ ಮೇಲೆ ಕುಸಿದು ಕೂತು, ಸದ್ದು ಮತ್ತೆ ಕೇಳುವವರೆಗೆ ತಲೆಯೆತ್ತಲಿಲ್ಲ.

ವಿಮಾನ ಇಳಿದು ನಿಂತಿತು. ಎಲ್ಲರಿಗಿಂತ ಮೊದಲು ಓಡಿದವನು ಅವನೇ. "ಅಮ್ಮಯ್ಯಾ, ಹೆದರಿಕೊಂಡೆಯಾ? ಇಳಿಯಮ್ಮ, ಕೈ ಕೊಡು," ಎಂದು ಎರಡೂ ಕೈ ಚಾಚಿದ.

ಮಗಳ ತಲೆ ಕೆದರಿತ್ತು, ಕಾಡಿಗೆ ಕಿವಿಯವರೆಗೆ ಹರಡಿತ್ತು. ಅವಳು ಅಪ್ಪನ ಕೈ ನೋಡಲಿಲ್ಲ. ಎದ್ದು ನಿಂತು, ಶಲ್ಯವಿಲ್ಲದೆ ಬೆವರುತ್ತಿದ್ದ ಗಂಡನನ್ನು ಹುಡುಕಿ, ಮೊಟ್ಟಮೊದಲ ಸಲ ಅವನೊಡನೆ ಮಾತಾಡಿದಳು.

"ನೀವೂ ಬನ್ನಿ. ಕೋನಪ್ಪಣ್ಣ ಇಳಿದ್ರೆ ನಮ್ಮಿಬ್ರ ತೂಕ ಸರಿಹೋಗ್ತದೆ. ವಿಮಾನ ಓಡಿಸೋ ಕೋಲು ಹೆಂಗೆ ಹಿಡೀಬೇಕು ಅಂತ ನೋಡ್ಕೊಂಡಿದ್ದೀನಿ."